ತಾಸಿಗೆ ಇಪ್ಪತ್ತೆರಡು

ಕಂಡಿಕಿ ಸುತ್ತೋ ಹೆಂಗಸರಿಗೆ ಸಪ್ಪಳ ಕೇಳಸೂದಿಲ್ಲ.
ಸೊಲ್ಲಾಪುರದ ನೀಲಂ ನಗರದಾಗ, ಪತ್ರಾಸ ಶೆಡ್ಡಿನೊಳಗ
ಮೂವತ್ತಾರು ಮಗ್ಗ ಕೂಡೇ ಕುಟ್ಟತಾವ.
ನಾವು ಅದರಾಗನ ಮಾತಾಡ್ತೀವಿ, ತುಟಿ ಓದಿ.
ಕಿವಿ ನಿಮರೂದು ಒಂದು ಮಗ್ಗ ನಿಂತಾಗ.
ನಿಂತತಂದ್ರ ಎಲ್ಲೋ ಎಳಿ ಹರದೈತಿ.

ಅದಕ್ಕ ಇವನ ಗೊರಕಿ ನನಗ ಎಂದೂ ತ್ರಾಸ ಕೊಡಲಿಲ್ಲ.
ಹದಿನಾಲ್ಕು ವರ್ಷ, ಮಗ್ಗದ ಮಗ್ಗಲದಾಗ ಮಲಗಿದಂಗ.
ಎಚ್ಚರಾಗತಿದ್ದದ್ದು ಅದು ನಿಂತಾಗ.
ಎದಿ ಏಳತಿತ್ತು, ಹೊಟ್ಟಿ ಜಗ್ಗತಿತ್ತು,
ಗಾಳಿ ಮಾತ್ರ ಒಳಗ ಹೋಗತಿರಲಿಲ್ಲ.
ಒಂದು, ಎರಡು, ಮೂರು…
ಹದಿನೇಳಕ್ಕ, ಕೆಸರಾಗಿಂದ ಕಾಲು ಕಿತ್ತಂಗ ಒಂದು ಉಸರು.
ಮತ್ತ ಸುರು.
ಮುಂಜಾನೆ ಕೇಳಿದ್ರ, "ಛಲೋ ನಿದ್ದಿ ಬಂತು" ಅಂತಿದ್ದ.

ಮಳಸಿದ್ದ ಎಸ್ಟಿ ಡ್ರೈವರ.
ಅಕ್ಕಲಕೋಟ ರೋಡಿನ್ಯಾಗ, ವಳಸಂಗ ದಾಟಿ,
ನಡು ಮಧ್ಯಾಹ್ನ, ಕಣ್ಣು ತೆರದಿದ್ದಾಗನ
ರೋಡು ಎಲ್ಲೋ ಹೋಗಿಬಿಡ್ತಂತ.
ಜಾಲಿ ಕಂಟಿ ಗಾಜಿಗೆ ಬಡದಾಗ ತಿರುಗಿಸಿದ್ನಂತ.
ಐವತ್ತೊಂದು ಮಂದಿ ಕುಂತಿದ್ರು.
ಕಂಡಕ್ಟರಗ ಬೆಕ್ಕು ಅಡ್ಡ ಬಂತು ಅಂದ.
ನನಗ ಬೆಕ್ಕು ಅನ್ನಲಿಲ್ಲ.
"ಡೇಪೋದಾಗ ಹೇಳಬ್ಯಾಡ, ಸ್ಟೇರಿಂಗ ಕಸಗೋತಾರ."
ನಾನೂ ಹೇಳಲಿಲ್ಲ.
ಮುಂದಿನ ಎರಡು ವಾರ ಆ ಬಸ್ ಯಾರು ಹತ್ತಿದ್ರೋ,
ಅವರ ಮಾರಿ ನಾ ನೋಡಿಲ್ಲ.
ಅದು ನನ್ನ ಲೆಕ್ಕದಾಗ ಐತಿ.

ದವಾಖಾನಿಯವರು ಒಂದು ರಾತ್ರಿಗೆ ಡಬ್ಬಿ ಕೊಟ್ರು.
ಎದಿಗೆ ಪಟ್ಟಾ, ಮೂಗಿಗೆ ನಳಿಕಿ, ಬೆರಳಿಗೆ ಕೆಂಪು ದೀಪದ ಚಿಮಟಾ.
ಚೀಟಿ ಬಂತು: ತಾಸಿಗೆ ಇಪ್ಪತ್ತೆರಡು ಸಲ.
ನನ್ನ ಎಣಿಕಿ ಹತ್ತೊಂಬತ್ತು ಇತ್ತು.
ಮೂರು ತಪ್ಪಿದ್ದವು, ನಾನೂ ಕಣ್ಣು ಮುಚ್ಚಿರಬೇಕು.

ಗಾಳಿ ಊದೋ ಮಶೀನ ಮೂರು ರಾತ್ರಿ ಕಟಗೊಂಡ, ನಾಕನೇದಕ್ಕ ಕಿತ್ತೊಗದ.
"ಆನಿ ಸೊಂಡಿ ಹಾಕ್ಕೊಂಡು ಹೆಂಗ ಮಲಗಲಿ?"
ಆಗ ಹಲ್ಲಿನ ಡಾಕ್ಟರ ಕಡಿ ಕಳಿಸಿದ್ರು.
ಗೊರಕಿಗೆ ಹಲ್ಲಿನ ಡಾಕ್ಟರಾ?
ಬಸ್ ಕೆಟ್ಟರ ಟೇಲರ ಕಡಿ ಹೋದಂಗಾತು, ಅಂದ.

ಫರ್ಹಾನಾ ಬಾಗವಾನ: ಸಣ್ಣ ಕೈ, ಮರಾಠಿ ಮಾತು,
ನಡನಡುವ ನಮ್ಮ ಕನ್ನಡ, ಅವರಜ್ಜ ಪೇರಲಹಣ್ಣು ಮಾರಿ ಕಲ್ತದ್ದು.
ಒಂದೊಂದ ಹಲ್ಲು ಅಲುಗಿಸಿ ನೋಡಿದ್ರು, ದವಡಿ ಕೀಲು ಒತ್ತಿದ್ರು,
ಕೆಳದವಡಿ ಎಷ್ಟು ಮುಂದ ಬರತೈತಿ, ಪಟ್ಟಿ ಇಟ್ಟು ಅಳದ್ರು.
"ನಾಲಿಗಿ ಹಿಂದ ಜಾರಿ ಬಾಗಲ ಮುಚ್ಚತೈತಿ.
ದವಡಿ ಮುಂದ ಹಿಡದ್ರ ಬಾಗಲ ತೆರದಿರತೈತಿ. ಅಷ್ಟ."

ಹದಿನೈದು ದಿನಕ್ಕ ಬಂತು, ಮ್ಯಾಲೊಂದು ಕೆಳಗೊಂದು,
ಎರಡೂ ಬಾಜೂ ಕಡ್ಡಿ ಗಾತ್ರದ ತಿರುಪು.
ವಾರಕ್ಕೊಮ್ಮೆ ಕೀಲಿ ಹಾಕಿ, ಕೂದಲೆಳಿಯಷ್ಟು ಮುಂದ.
ಆ ಕೀಲಿ ನನ್ನ ಕೈಗೆ ಕೊಟ್ರು.
ಬಿಗಿ ಎಷ್ಟು, ಸಡಲ ಎಷ್ಟು, ಈ ಬೆರಳಿಗೆ ಗೊತ್ತು:
ಜಗ್ಗಿದ್ರ ಹರೀತೈತಿ, ಬಿಟ್ಟರ ಸಿಕ್ಕಾಗತೈತಿ.

ದಿಂಬು ಜೊಲ್ಲಿಗೆ ತೊಯ್ತು.
ಮುಂಜಾನೆ ಹಲ್ಲಿಗೆ ಹಲ್ಲು ಕೂಡಲೊಲ್ಲವು,
ಕಡಕ ಭಕ್ಕರಿ ಚಾದಾಗ ನೆನಸಿ ತಿಂದ, ಬೈದ,
ನನಗ, ಬಾಗವಾನ ಬಾಯರಿಗೆ, ಹಲ್ಲು ಕೊಟ್ಟ ದೇವರಿಗೆ.
ಒಂದಿನ ತಾನ ಹೋಗಿ ಡೇಪೋದಾಗ ಹೇಳಿ ಬಂದ.
ಏನಂದ್ರು, ಹೇಳಲಿಲ್ಲ.
ಎರಡು ತಿಂಗಳ ವರ್ಕಶಾಪಿನ್ಯಾಗ ಟಾಯರ ಎಣಿಸಿದ.

ಮತ್ತ ಡಬ್ಬಿ ಕಟಗೊಂಡ. ಇಪ್ಪತ್ತೆರಡು ಆರಾಗಿತ್ತು.

ಈಗ ಮಗ್ಗ ಓಡೂದಿಲ್ಲ, ನಿಲ್ಲೂದೂ ಇಲ್ಲ.
ಎರಡಕ್ಕ ಎದ್ದೆ, ಮೂರಕ್ಕ ಎದ್ದೆ,
ಮೂಗಿನ ಕೆಳಗ ಬೆರಳು ಹಿಡದೆ. ಬಿಸಿ ಇತ್ತು.
ಎಣಿಸೂದು ಬಿಡಲಿಕ್ಕ ನನಗ ಯಾವ ಡಾಕ್ಟರ ಚೀಟಿ ಬರೀತಾರ?

ನಿನ್ನಿ ಚಾ ಕುಡಕೋತ ಅಂದ:
"ರಾತ್ರಿ ನಿದ್ದಿನ ಬರಲಿಲ್ಲ ನೋಡು. ಏನ್ ಗೊರಕಿ ಹೊಡದಿ ನೀ!"
ಸ್ಟೀಲ ವಾಟಗದ ನೀರಾಗ ಅವನ ಇನ್ನೊಂದು ದವಡಿ,
ನಾ ಏನಂತೀನಂತ
ಬಾಯಿ ತೆರಕೊಂಡು ಕುಂತಿತ್ತು.